ಸಹಾಯ ಬೇಕು: ರೀಫರ್ ಕಂಟೇನರ್‌ನಲ್ಲಿ ಬಾಗಿಲ ಕಡೆಯ ಬಾಳೆಕಾಯಿ ಮಾತ್ರ ಹಣ್ಣಾಗ್ತಿದೆ

ಎಲ್ಲರಿಗೂ ನಮಸ್ಕಾರ. ಹಸಿರು ಬಾಳೆಕಾಯಿಯನ್ನು 40 ಅಡಿಯ ರೀಫರ್ (ಒಳಗೆ ತಂಪು ಕಾಯುವ ಯಂತ್ರವಿರುವ) ಕಂಟೇನರ್‌ನಲ್ಲಿ ಹಡಗಿನ ಮೂಲಕ ಕಳಿಸುತ್ತೇವೆ. ಬಹುಪಾಲು ಚೆನ್ನಾಗಿಯೇ ತಲುಪುತ್ತದೆ. ಬಾಗಿಲ ಹತ್ತಿರದ ಕೊನೆಯ ಸಾಲುಗಳು ಮಾತ್ರ ಹಳದಿಗೆ ತಿರುಗಿರುತ್ತವೆ. ಪೆಟ್ಟಿಗೆ ತೆರೆದರೆ ಹಣ್ಣಿನ ವಾಸನೆ, ಒಳಗಿನ ಪ್ಲಾಸ್ಟಿಕ್ ಹಾಳೆ ತುಂಬ ನೀರಿನ ಹನಿ.

ತಾಪಮಾನ 13.5 ಡಿಗ್ರಿಗೆ ಇಟ್ಟಿದ್ದೇವೆ. ಇನ್ನೂ ಇಳಿಸೋ ಹಾಗಿಲ್ಲ, 13ರ ಕೆಳಗೆ ಹೋದರೆ ಸಿಪ್ಪೆ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಯಿಯನ್ನು ಮೊದಲೇ ತಣ್ಣಗೆ ಮಾಡಿಯೇ ತುಂಬುತ್ತೇವೆ. ಕಂಟೇನರ್ ಯಂತ್ರ ಇರುವ ತಂಪನ್ನು ಕಾಪಾಡುತ್ತದೆ ಅಷ್ಟೆ, ಬಿಸಿ ಸರಕನ್ನು ಬೇಗ ತಣಿಸುವ ಶಕ್ತಿ ಅದಕ್ಕಿಲ್ಲ. ಪೇರಿಸುವ ಎತ್ತರದ ಮಿತಿ ತೋರಿಸುವ ಒಳಗೋಡೆಯ ಕೆಂಪು ಗೆರೆ ದಾಟಿ ಪೇರಿಸಿಲ್ಲ. ಬಾಗಿಲ ಬಳಿ ಖಾಲಿ ಉಳಿಯುವ ನೆಲವನ್ನು ರಟ್ಟಿನಿಂದ ಮುಚ್ಚಿದ್ದೂ ಆಯ್ತು. ತಣ್ಣನೆ ಗಾಳಿ ನೆಲದ ಸಂದಿಗಳಿಂದಲೇ ಮೇಲೆ ಬರೋದು ಅಲ್ವಾ, ಅಲ್ಲಿ ಸುಮ್ನೆ ಸೋರಿ ಹೋಗಬಾರದು ಅಂತ. ಯಂತ್ರದ ದಾಖಲೆಯಲ್ಲಿ ಒಳಬರುವ ಗಾಳಿ, ವಾಪಸ್ ಹೋಗುವ ಗಾಳಿ ಎರಡೂ ಸರಿಯಾಗಿವೆ. ಆದರೆ ಬಾಗಿಲ ಕಡೆ ಪೆಟ್ಟಿಗೆಯೊಳಗೆ ಇಟ್ಟ ಲಾಗರ್ (ತಾಪಮಾನ ದಾಖಲಿಸುವ ಸಾಧನ) 16 ಡಿಗ್ರಿ ತೋರಿಸುತ್ತಿದೆ!

ನನ್ನ ಗೊಂದಲ ಇಲ್ಲೇ. ಕಾಯಿ ಹಣ್ಣಾಗಲು ಶುರುವಾದರೆ ತಾನೇ ಶಾಖ ಬಿಡುತ್ತದೆ, ಕಾಯಿಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲವನ್ನೂ ಕೂಡ. ಹಾಗಾದರೆ ಗಾಳಿ ತಲುಪದೆ ಬಿಸಿಯಾಗಿ ಹಣ್ಣಾಯಿತೋ, ಎಥಿಲೀನ್ ತುಂಬಿಕೊಂಡು ಹಣ್ಣಾಗಿ ಬಿಸಿಯಾಯಿತೋ? ಎಥಿಲೀನ್ ಹೊರಹೋಗಲು ವೆಂಟ್ (ಹೊರಗಿನ ಗಾಳಿ ಒಳಬಿಡುವ ಕಿಂಡಿ) ಜಾಸ್ತಿ ತೆಗೆಯಿರಿ ಅಂತ ಕೆಲವರು ಅನ್ನುತ್ತಾರೆ. ತೆಗೆದರೆ ಹೊರಗಿನ ಬಿಸಿ, ತೇವದ ಗಾಳಿ ಒಳಗೆ ಬರುತ್ತದೆ.

ಈ ಕೆಲಸ ಮಾಡಿ ಗೊತ್ತಿರುವವರು ಹೇಳಿ: ಇಂಥ ಲೋಡಿಗೆ ವೆಂಟ್ ಗಂಟೆಗೆ ಎಷ್ಟು ಘನ ಮೀಟರ್‌ಗೆ ಇಡುತ್ತೀರಿ? ಮೊದಲು ವೆಂಟ್ ಬದಲಿಸಲೋ, ಪೆಟ್ಟಿಗೆ ಜೋಡಿಸುವ ರೀತಿ ಬದಲಿಸಲೋ?