ಉಪ್ಪಿನ ಗುಮ್ಮಟದ ಪಕ್ಕದ ಪದರಗಳನ್ನು ನೋಡಿ ಉಪ್ಪು ಯಾವಾಗ ಎದ್ದಿತು ಅಂತ ಹೇಳೋದು ಹೇಗೆ?

ಸೆಕ್ಷನ್_ಓದುಗ
ಉತ್ತರ ಸಮುದ್ರದ ಡಚ್ ಭಾಗದ ಒಂದು 2ಡಿ ಸೈಸ್ಮಿಕ್ ಸೆಕ್ಷನ್ (ನೆಲದೊಳಗೆ ಕಳಿಸಿದ ಕಂಪನದ ಅಲೆಗಳು ಪ್ರತಿಫಲಿಸಿ ಬಂದದ್ದರಿಂದ ಮಾಡಿದ ಅಡ್ಡಸೀಳಿನ ಚಿತ್ರ) ಓದುತ್ತಿದ್ದೇನೆ. ಟೈಮ್ ಸೆಕ್ಷನ್, ಅಂದರೆ ಲಂಬ ಅಳತೆ ಅಲೆ ಹೋಗಿಬರುವ ಸೆಕೆಂಡುಗಳಲ್ಲಿದೆ, ಆಳಕ್ಕೆ ಬದಲಿಸಿಲ್ಲ. ತಳದಲ್ಲಿ ಜೆಖ್‌ಸ್ಟೈನ್ ಅನ್ನುವ ಉಪ್ಪಿನ ಪದರ, ಪರ್ಮಿಯನ್ ಯುಗದ ಕೊನೆಯದು; ಅದು ಒಂದೆಡೆ ಮೇಲಕ್ಕೆದ್ದು ಗುಮ್ಮಟವಾಗಿದೆ. ಗುಮ್ಮಟದ ಕಡೆ ಬರುತ್ತಾ ಟ್ರಯಾಸಿಕ್ (ಪರ್ಮಿಯನ್ ನಂತರದ ಯುಗದ) ಪದರಗಳು ತೆಳುವಾಗುತ್ತವೆ, ಅದರ ಮೇಲಿನವು ಅದೇ ಕಡೆಗೆ ದಪ್ಪವಾಗುತ್ತವೆ. ಇದರ ಅರ್ಥವೇನು? ಗುಮ್ಮಟದ ಅಡಿಯಲ್ಲಿ ಉಪ್ಪಿನ ತಳವೂ ಸುಮಾರು 0.4 ಸೆಕೆಂಡ್ ಮೇಲೆದ್ದು ಕಾಣುತ್ತದೆ. ಕೆಳಗೆ ಸ್ತರಭಂಗ (ಬಂಡೆ ಸೀಳಿ ಜರುಗಿದ ಬಿರುಕು) ಇದೆಯೇ? ಉಪ್ಪು ಹಗುರ, ಅದಕ್ಕೇ ಮೇಲೇಳುತ್ತದೆ ಅನ್ನುವ ವಿವರಣೆ ಇಲ್ಲಿಗೆ ಸಾಕೇ?

ಹಳೇಬಂಡೆ
ತಳದ ವಿಷಯ ಮೊದಲು ಮುಗಿಸಿ, ಅದು ಸರಿಹೋಗದೆ ಮಿಕ್ಕದ್ದನ್ನು ನಂಬುವ ಹಾಗಿಲ್ಲ. ನೀವು ಹೇಳಿದ್ದು ಬಹುಮಟ್ಟಿಗೆ ವೆಲಾಸಿಟಿ ಪುಲ್-ಅಪ್: ಉಪ್ಪಿನಲ್ಲಿ ಅಲೆ ಬೇಗ ಹೋಗಿಬರುವುದರಿಂದ ಅದರಡಿಯದು ಎದ್ದಂತೆ ಕಾಣುವ ಭ್ರಮೆ. ಉಪ್ಪಿನಲ್ಲಿ ಪಿ-ಅಲೆಯ (ಶಬ್ದದಂಥ ಒತ್ತಡದ ಅಲೆಯ) ವೇಗ ಸೆಕೆಂಡಿಗೆ ಸುಮಾರು 4,500 ಮೀಟರ್. ಪಕ್ಕದ ಪದರಗಳಿಗೆ ಸರಾಸರಿ 3,000 ಹಿಡಿಯಿರಿ. ಗುಮ್ಮಟದಲ್ಲಿ ಉಪ್ಪು 2 ಕಿ.ಮೀ. ಹೆಚ್ಚಿದ್ದರೆ ಅಷ್ಟು ದೂರ ಹೋಗಿಬರಲು ಉಪ್ಪಿನಲ್ಲಿ 0.89 ಸೆಕೆಂಡ್, ಪಕ್ಕದಲ್ಲಿ 1.33. ವ್ಯತ್ಯಾಸ 0.44. ನಿಮ್ಮ 0.4 ಅಲ್ಲಿಗೇ ಬಂತು.

ಪರೀಕ್ಷೆ ಸುಲಭ. ಪುಲ್-ಅಪ್ ಆದರೆ ಉಪ್ಪಿನಡಿಯ ರಿಫ್ಲೆಕ್ಟರುಗಳೆಲ್ಲ (ಅಲೆಯನ್ನು ಪ್ರತಿಫಲಿಸಿ ಗೆರೆಯಾಗಿ ಕಾಣುವ ಪದರಗಳು) ಒಂದೇ ಆಕಾರದಲ್ಲಿ ಏಳುತ್ತವೆ, ಆ ಆಕಾರ ಮೇಲಿನ ಉಪ್ಪಿನ ದಪ್ಪವನ್ನೇ ಹೋಲುತ್ತದೆ. ಸ್ತರಭಂಗ ಆದರೆ ಒಂದು ಕಡೆ ಕಡಿದು ಜಿಗಿಯುತ್ತದೆ. ಆದರೆ ಪಕ್ಕದ ವೇಗ 3,000 ಅಲ್ಲ, 2,700 ಅಂತಾದರೆ ಅದೇ ಲೆಕ್ಕ 0.59ಕ್ಕೆ ಹೋಗುತ್ತದೆ. ಹಾಗಾಗಿ ಹತ್ತಿರದ ಬಾವಿಯ ಚೆಕ್‌ಶಾಟ್ (ಬಾವಿಯೊಳಗೇ ಅಳೆದ ಅಲೆಯ ವೇಗ) ಇಲ್ಲದೆ ತೀರ್ಪು ಕೊಡಬೇಡಿ. ಜೆಖ್‌ಸ್ಟೈನ್‌ನಲ್ಲಿ ಅನ್‌ಹೈಡ್ರೈಟ್ (ಕ್ಯಾಲ್ಸಿಯಂ ಸಲ್ಫೇಟ್ ಖನಿಜ) ಪಟ್ಟಿಗಳೂ ಸೇರಿರುತ್ತವೆ, ಅವುಗಳ ವೇಗ 6,000ದ ಆಸುಪಾಸು. ಎಲ್ಲವನ್ನೂ ಶುದ್ಧ ಉಪ್ಪು ಎಂದುಕೊಂಡರೆ ಅಲ್ಲೂ ಲೆಕ್ಕ ತಪ್ಪುತ್ತದೆ.

ತಳಪದರ
‘ಹಗುರ, ಅದಕ್ಕೆ ಏಳುತ್ತದೆ’ ಅನ್ನುವುದು ಅರ್ಧ ಮಾತು. ಉಪ್ಪಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.16 ಗ್ರಾಂ, ಎಷ್ಟು ಆಳಕ್ಕೆ ಹೋದರೂ ಹೆಚ್ಚು ಬದಲಾಗದು. ಹೊಸ ಹೂಳು ಅದಕ್ಕಿಂತ ಹಗುರ. ಹೂಳು ಅದುಮಿಕೊಂಡು 2.16 ಮುಟ್ಟುವುದು ಸುಮಾರು 1ರಿಂದ 1.5 ಕಿ.ಮೀ. ಆಳದಲ್ಲಿ, ಉಪ್ಪಿನ ಮೇಲಿನ ಇಡೀ ಹೊದಿಕೆಯ ಸರಾಸರಿ ಅಷ್ಟಾಗಬೇಕಾದರೆ ಇನ್ನೂ ಆಳ ಬೇಕು. ಅಷ್ಟರೊಳಗೆ ಹೊದಿಕೆ ಗಟ್ಟಿ ಬಂಡೆಯಾಗಿರುತ್ತದೆ, ಬರಿಯ ತೇಲುವ ಬಲಕ್ಕೆ ಅದು ಮುರಿಯುವುದಿಲ್ಲ. ಹೊದಿಕೆಯೂ ದ್ರವ ಎಂದುಕೊಂಡ ಹಳೆಯ ಮಾದರಿಗಳು ಎಡವಿದ್ದು ಇಲ್ಲೇ.

1992ರಲ್ಲಿ ಭೂವಿಜ್ಞಾನಿಗಳಾದ ವೆಂಡೆವಿಲ್ ಮತ್ತು ಜಾಕ್ಸನ್ ಉಪ್ಪಿಗೆ ಸಿಲಿಕೋನ್, ಹೊದಿಕೆಗೆ ಒಣ ಮರಳು ಬಳಸಿದ ಮಾದರಿಗಳಲ್ಲಿ ತೋರಿಸಿದ ಕ್ರಮ ಹೀಗಿದೆ. ನೆಲ ಅಡ್ಡಡ್ಡ ಹಿಗ್ಗುತ್ತದೆ, ಹೊದಿಕೆ ಸ್ತರಭಂಗಗಳಲ್ಲಿ ಕುಸಿದು ತೆಳುವಾಗುತ್ತದೆ, ಆ ಜಾಗಕ್ಕೆ ಉಪ್ಪು ತ್ರಿಕೋನವಾಗಿ ಏರುತ್ತದೆ. ಇದು ರಿಯಾಕ್ಟಿವ್ ಹಂತ, ಹಿಗ್ಗುವುದು ನಿಂತರೆ ಉಪ್ಪೂ ನಿಲ್ಲುತ್ತದೆ. ಛಾವಣಿ ಸಾಕಷ್ಟು ತೆಳುವಾದ ಮೇಲಷ್ಟೇ ಉಪ್ಪು ತಾನೇ ಅದನ್ನು ಎತ್ತಿ ಬದಿಗೆ ತಳ್ಳುತ್ತದೆ. ತಲೆ ಸಮುದ್ರತಳಕ್ಕೆ ಬಂದ ಮೇಲೆ ಪ್ಯಾಸಿವ್ ಹಂತ: ಅಕ್ಕಪಕ್ಕ ಹೂಳು ತುಂಬಿ ಕುಸಿಯುತ್ತಿರುತ್ತದೆ, ಉಪ್ಪಿನ ತಲೆ ಇದ್ದಲ್ಲೇ ಇರುತ್ತದೆ. ‘ಉಪ್ಪು ಎದ್ದಿತು’ ಅನ್ನುವ ಎಷ್ಟೋ ಕಡೆ ನಿಜಕ್ಕೂ ಇಳಿದದ್ದು ಪಕ್ಕದ ಪದರ.

ಗುಮ್ಮಟ ಇಲ್ಲದೆಯೂ ಉಪ್ಪು ಮೇಲಿನದನ್ನು ಬದಲಿಸುತ್ತದೆ. ಪಾಕಿಸ್ತಾನದ ಪೋಠೋಹಾರ್ ಪ್ರಸ್ಥಭೂಮಿಯಡಿ ಉಪ್ಪೇ ಜಾರುಪದರ. ಘರ್ಷಣೆ ಕಡಿಮೆಯಾದ್ದರಿಂದ ಹೊದಿಕೆ ಹೆಚ್ಚು ಇಳಿಜಾರಿಲ್ಲದೆ ದಕ್ಷಿಣಕ್ಕೆ ಜಾರಿ, ಖೇವ್ರಾ ಗಣಿಯಿರುವ ಸಾಲ್ಟ್ ರೇಂಜ್ ಅಂಚಿನಲ್ಲಿ ಎದ್ದು ನಿಂತಿದೆ.

ಹಳೇಬಂಡೆ
ಇನ್ನು ದಪ್ಪದ ಪ್ರಶ್ನೆ. ಭೂವಿಜ್ಞಾನಿ ಟ್ರೂಸ್‌ಹೈಮ್ 1960ರಲ್ಲಿ ಉತ್ತರ ಜರ್ಮನಿಯ ಜೆಖ್‌ಸ್ಟೈನ್ ಮೇಲೇ ಬರೆದದ್ದು. ಉಪ್ಪು ದಿಂಬಿನಂತೆ ಉಬ್ಬುವಾಗ ನೆತ್ತಿಯತ್ತ ಪದರ ತೆಳುವಾಗುತ್ತದೆ, ದಪ್ಪ ಹೂಳು ದೂರದ ತಗ್ಗಿನಲ್ಲಿ ಕೂರುತ್ತದೆ. ಉಪ್ಪು ಹೊದಿಕೆಯನ್ನು ಸೀಳಿದ ಮೇಲೆ ದಿಂಬಿನ ಬದಿಗಳು ಖಾಲಿಯಾಗಿ ಕುಸಿಯುತ್ತವೆ, ತಗ್ಗಿನ ಅಕ್ಷ ಗುಮ್ಮಟದ ಬುಡಕ್ಕೇ ಬರುತ್ತದೆ. ಅಂದರೆ ತೆಳುವಿನಿಂದ ದಪ್ಪಕ್ಕೆ ತಿರುಗುವ ಪದರವೇ ನಿಮ್ಮ ಗುಮ್ಮಟ ಸೀಳಿಕೊಂಡ ಕಾಲ. ಎರಡೂ ಬದಿಯಲ್ಲಿ ಅದು ಒಂದೇ ಪದರದಲ್ಲಿ ಆಗಬೇಕೆಂದೇನಿಲ್ಲ. ಬೇರೆ ಬೇರೆಯಾದರೆ ಉಪ್ಪು ಮೊದಲು ಒಂದು ಬದಿಯಿಂದ ಖಾಲಿಯಾಗಿದೆ ಎಂದು ಓದಬಹುದು. ಸೆಕ್ಷನ್ ಗುಮ್ಮಟದ ನಡುವಿನಿಂದ ಹೋಗಿಲ್ಲದಿದ್ದರೂ ಹಾಗೇ ಕಾಣುತ್ತದೆ, ಮ್ಯಾಪ್ ನೋಡಿ.

ಸೆಕ್ಷನ್_ಓದುಗ
ರಿಸ್ಟೋರೇಶನ್ (ಪದರಗಳನ್ನು ಒಂದೊಂದಾಗಿ ತೆಗೆದು ಹಿಂದಿನ ಸ್ಥಿತಿ ಕಟ್ಟುವುದು) ಮಾಡಿದಾಗ ಹಿಂದಕ್ಕೆ ಹೋದಷ್ಟೂ ಉಪ್ಪಿನ ವಿಸ್ತೀರ್ಣ ಹೆಚ್ಚುತ್ತಿದೆ. ತಪ್ಪೆಲ್ಲಿ?

ತಳಪದರ
ತಪ್ಪಾಗಿರಬೇಕೆಂದಿಲ್ಲ. ಉಪ್ಪು ಸೆಕ್ಷನ್ನಿನ ಆಚೆಗೂ ಹರಿಯುತ್ತದೆ, ಕರಗಿಯೂ ಹೋಗುತ್ತದೆ. 2ಡಿಯಲ್ಲಿ ಅದರ ವಿಸ್ತೀರ್ಣವನ್ನು ಸ್ಥಿರವಾಗಿಡಲು ಹೊರಟರೆ ಫಲಿತಾಂಶವೇ ಕೆಡುತ್ತದೆ. ಮೇಲಿನ ಪದರ ತೆಗೆಯಿರಿ, ಉಳಿದವನ್ನು ಡಿಕಂಪ್ಯಾಕ್ಟ್ ಮಾಡಿ (ಅದುಮಿಕೊಳ್ಳುವ ಮುಂಚಿನ ದಪ್ಪಕ್ಕೆ ತನ್ನಿ), ಭಾರ ಇಳಿದದ್ದಕ್ಕೆ ಐಸೊಸ್ಟಸಿ (ಭಾರಕ್ಕೆ ತಕ್ಕಂತೆ ನೆಲ ಏಳುವ-ಇಳಿಯುವ ಸಮತೋಲನ) ಸರಿಪಡಿಸಿ, ಮುಂದಿನ ಪದರದ ತಲೆಯನ್ನು ಅಂದಿನ ಸಮುದ್ರತಳಕ್ಕೆ ತನ್ನಿ. ನಡುವೆ ಉಳಿಯುವ ಖಾಲಿ ಜಾಗವೇ ಉಪ್ಪು. ಹೊದಿಕೆ ಉಪ್ಪಿನ ತಳದೊಳಕ್ಕೆ ನುಗ್ಗಿದರೆ ಮಾತ್ರ ಅನುಮಾನಿಸಿ, ಆಗ ನೋಡಬೇಕಾದದ್ದು ಸಮಯವನ್ನು ಆಳಕ್ಕೆ ಬದಲಿಸಿದ ಲೆಕ್ಕವನ್ನು.

ಗುಮ್ಮಟದ ಬದಿ ಕಡಿದಾಗಿದ್ದರೆ ಅದಕ್ಕೆ ಅಂಟಿದ ಕೆಲವು ನೂರು ಮೀಟರ್ ಚಿತ್ರ ನಂಬಿಕೆಗೆ ಅರ್ಹವಲ್ಲ, ಪದರಗಳು ಅಲ್ಲಿ ಮೇಲಕ್ಕೆ ಬಾಗಿಯೂ ಇರುತ್ತವೆ. ದಪ್ಪವನ್ನು ಅದರಾಚೆ, ರಿಫ್ಲೆಕ್ಟರುಗಳು ಸ್ಪಷ್ಟವಿರುವಲ್ಲಿ, ಪದರಕ್ಕೆ ಲಂಬವಾಗಿ ಅಳೆಯಿರಿ.