ಅಜ್ಜ 71ರ ಯುದ್ಧದಲ್ಲಿ ಎಲ್ಲಿದ್ರು ಅಂತ ಹೇಗೆ ತಿಳ್ಕೊಳ್ಳೋದು? ಮದ್ರಾಸ್ ರೆಜಿಮೆಂಟ್ ಗೊತ್ತಿರೋರು ಹೇಳಿ

ಸಂಪಾಜೆ_ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಜ್ಜ, ಅಂದ್ರೆ ಅಪ್ಪನ ಅಪ್ಪ, ಮಿಲಿಟ್ರಿಲಿ ಇದ್ದವರು. ನಾನು ಸ್ಕೂಲಲ್ಲಿದ್ದಾಗಲೇ ತೀರಿಕೊಂಡ್ರು. ಮನೇಲಿ ಎಲ್ರೂ ಹೇಳೋದು ಒಂದೇ ಮಾತು, 71ರಲ್ಲಿ ದೊಡ್ಡ ಟ್ಯಾಂಕ್ ಯುದ್ಧದಲ್ಲಿ ಇದ್ರು, ಪಾಕಿಸ್ತಾನದ ಒಳಗೇ ಹೋಗಿದ್ರು ಅಂತ. ಟ್ಯಾಂಕ್ ಓಡಿಸ್ತಿದ್ರಾ, ಬೇರೆ ಏನಾದ್ರೂ ಮಾಡ್ತಿದ್ರಾ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅವರಾಗಿ ಬಾಯಿ ಬಿಡ್ತಿರ್ಲಿಲ್ವಂತೆ, ಬಲವಂತ ಮಾಡಿ ಕೇಳಿದ್ರೆ "ಭಾರೀ ಚಳಿ ಇತ್ತು" ಅಂದು ಎದ್ದು ಹೋಗ್ತಿದ್ರಂತೆ. ಊರಿಗೆ ಬಂದ್ಮೇಲೆ ಸುಂಟಿಕೊಪ್ಪ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ (ಕೂಲಿಯವರ ಹಾಜರಿ, ಲೆಕ್ಕ ಬರೆಯೋರು) ಆಗಿ ಕೊನೆವರೆಗೂ ಅಲ್ಲೇ ಇದ್ರು. 2018ರ ಆಗಸ್ಟ್ ಮಳೇಲಿ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನಮ್ಮ ಮನೆಗೂ ಕೆಸರು ನುಗ್ಗಿ ಡಿಸ್ಚಾರ್ಜ್ ಬುಕ್, ಫೋಟೋ ಎಲ್ಲಾ ಮುದ್ದೆ ಆಗೋಯ್ತು, ಮೆಡಲ್ ಮಾತ್ರ ಉಳಿದಿದೆ, ರಿಬ್ಬನ್ ಕೊಳೆತಿದೆ. ಇಷ್ಟರಲ್ಲಿ ಏನಾದ್ರೂ ಹುಡುಕೋಕೆ ಆಗುತ್ತಾ?

ಮಡಿಕೇರಿ_ಮಂಜು:
ಬ್ರೋ ಕೊಡಗು ಅಂದ್ರೆ ಸುಮ್ನೇನಾ, ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಮಣ್ಣು!! ಸನ್ನಿಸೈಡ್ ಮ್ಯೂಸಿಯಂಗೆ ಹೋಗಿ ಕೇಳಿ, ಅಲ್ಲಿ ಎಲ್ಲಾ ಸಿಗುತ್ತೆ. ಜೈ ಹಿಂದ್ 🇮🇳

ಪದಕ_ಪ್ರಿಯ:
ಮಂಜು ಅವರೇ, ಸನ್ನಿಸೈಡ್ ನೋಡ್ಲೇಬೇಕಾದ ಜಾಗ, ಬೇಡ ಅನ್ನಲ್ಲ, ಆದ್ರೆ ಅದು ಜನರಲ್ ತಿಮ್ಮಯ್ಯನವರ ಮನೆ, ಸಂಪಾಜೆಯ ಒಬ್ಬ ಸಿಪಾಯಿಯ ಫೈಲ್ ಅಲ್ಲಿ ಯಾಕಿರುತ್ತೆ? ನಮ್ಮಲ್ಲಿ ಇದೊಂದು ಅಭ್ಯಾಸ, ಮಿಲಿಟ್ರಿ ಅಂದ ತಕ್ಷಣ ಜನರಲ್‌ಗಳ ಹೆಸರು ಹೇಳಿ ಮುಗಿಸಿಬಿಡೋದು. ರೈಫಲ್ ಹಿಡ್ಕೊಂಡು ನಡೆದವರ ಬಗ್ಗೆ ಅವರ ಮನೆಯವರಿಗೇ ಗೊತ್ತಿರಲ್ಲ.

ಸಂಪಾಜೆ ಅವರೇ, ಮೆಡಲ್ ಇದೆ ಅಂದ್ರೆ ಅರ್ಧ ಕೆಲಸ ಆದಂಗೆ. ದಯವಿಟ್ಟು ಬ್ರಾಸೋ ಹಾಕಿ ಉಜ್ಜಬೇಡಿ. ದುಂಡಗಿನ ಮೆಡಲ್‌ನ ಅಂಚನ್ನ, ಅಂದ್ರೆ ನಾಣ್ಯದಲ್ಲಿ ಗೆರೆ ಇರೋ ಜಾಗಾನ, ಬಿಸಿಲಿಗೆ ಓರೆ ಹಿಡಿದು ನೋಡಿ. ನಮ್ಮ ಸೇನೆಯ ಮೆಡಲ್ ಮೇಲೆ ನಂಬರ್, ರ‍್ಯಾಂಕ್, ಹೆಸರು, ರೆಜಿಮೆಂಟ್ ಒತ್ತಿರ್ತಾರೆ. ಸ್ಟಾರ್ ಆಕಾರದ್ದಾದ್ರೆ ಹಿಂಭಾಗ ನೋಡಿ. ನಂಬರ್ 25ರಿಂದ ಶುರು ಆದ್ರೆ ಮದ್ರಾಸ್ ರೆಜಿಮೆಂಟ್, ಅಂದ್ರೆ ಇನ್‌ಫೆಂಟ್ರಿ, ಕಾಲಾಳು ಪಡೆ, ಟ್ಯಾಂಕ್ ಅಲ್ಲ.

ಸಂಪಾಜೆ_ಹುಡುಗ:
ಸರ್ ಥ್ಯಾಂಕ್ಸ್!! ಬರೀ ಕಣ್ಣಿಗೆ ಕಾಣ್ಲಿಲ್ಲ, ಫೋನ್ ಕ್ಯಾಮೆರಾ ಜೂಮ್ ಮಾಡಿದ್ಮೇಲೆ ಕಾಣ್ತು. ನಂಬರ್ 25ರಿಂದಲೇ ಶುರು, ಆಮೇಲೆ ಸಿಪಾಯಿ ಅಂತ ಇದೆ, ಅಜ್ಜನ ಹೆಸರಲ್ಲಿ ಒಂದಕ್ಷರ ತಪ್ಪಿದೆ, ಕೊನೇಲಿ ಮದ್ರಾಸ್. ಇರೋದು ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್, ಇನ್ನೊಂದು ಸ್ವಾತಂತ್ರ್ಯದ 25ನೇ ವರ್ಷದ್ದು. ಅಪ್ಪನಿಗೆ ಇವತ್ತು ನೆನಪಾಗಿದ್ದು ಅಂದ್ರೆ ಅಜ್ಜ ಯಾವಾಗ್ಲೂ "ನಮ್ಮ ಹದಿನಾರು" "ನಮ್ಮ ಹದಿನಾರು" ಅಂತಿದ್ರಂತೆ, ಅದು ಏನು ಅಂತ ಮನೇಲಿ ಯಾರೂ ಕೇಳಿಲ್ಲ.

ಪದಕ_ಪ್ರಿಯ:
ಹದಿನಾರು ಅಂದ್ರೆ 16 ಮದ್ರಾಸ್ ಬೆಟಾಲಿಯನ್ ಇರಬೇಕು. 71ರಲ್ಲಿ ಪಶ್ಚಿಮದ ಗಡೀಲಿ ಇದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಬೇರೆ ಇದೆ, ಹಾಗಾಗಿ ಮನೆಯವರು ಹೇಳೋ ಟ್ಯಾಂಕ್ ಯುದ್ಧ ಬಸಂತರ್ ನದಿದು, ಜಮ್ಮು-ಪಂಜಾಬ್ ಗಡಿ ಆಚೆ ಪಾಕಿಸ್ತಾನದ ಶಕರ್‌ಗಢ ಸೆಕ್ಟರ್.

ಆ ಯುದ್ಧ ಅಂದ ಕೂಡ್ಲೇ ಜನಕ್ಕೆ ನೆನಪಾಗೋದು ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟ್, ಅದರ ಅರುಣ್ ಖೇತ್ರಪಾಲ್, ಆಗೋದೂ ಸರಿನೇ, 21 ವರ್ಷದ ಹುಡುಗ, ಪರಮವೀರ ಚಕ್ರ. ಆದ್ರೆ ಟ್ಯಾಂಕ್ ನದಿ ದಾಟೋಕೆ ಮೊದಲು ಆಚೆ ದಡದಲ್ಲಿ ನಮ್ಮೋರು ಜಾಗ ಹಿಡಿದಿರಬೇಕಲ್ವಾ? ಡಿಸೆಂಬರ್ 15ರ ರಾತ್ರಿ ಮೈನ್ ಹೂತಿಟ್ಟ ಜಾಗದಲ್ಲಿ ಕಾಲ್ನಡಿಗೇಲಿ ಹೋಗಿ ಆ ಜಾಗ ಹಿಡಿದಿದ್ದು ಇನ್‌ಫೆಂಟ್ರಿ. 16 ಮದ್ರಾಸ್‌ನವರು ಸರಾಜ್ ಚಕ್ ಹಿಡಿದ್ರು, ಪಕ್ಕದಲ್ಲಿ 3 ಗ್ರೆನೇಡಿಯರ್ಸ್ ಜರ್ಪಾಲ್ ಹಿಡಿದ್ರು, ಅಲ್ಲಿ ಮೇಜರ್ ಹೋಶಿಯಾರ್ ಸಿಂಗ್‌ಗೆ ಇನ್ನೊಂದು ಪರಮವೀರ ಚಕ್ರ ಬಂತು. ಟ್ಯಾಂಕಿಗೆ ದಾರಿ ಬಿಡಿಸೋಕೆ ಮೈನ್ ತೆಗೀತಿದ್ದ ಎಂಜಿನಿಯರ್‌ಗಳಲ್ಲೂ ನಮ್ಮ ಮದ್ರಾಸ್ ಸ್ಯಾಪರ್ಸ್ ಇದ್ರು. 16ನೇ ತಾರೀಖು ಆ ಕಡೆಯಿಂದ ಪ್ಯಾಟನ್ ಟ್ಯಾಂಕುಗಳು ಮೇಲೆ ಬಿದ್ದಾಗ ಖೇತ್ರಪಾಲ್ ಟ್ಯಾಂಕಲ್ಲಿ ಹೋರಾಡಿ ಪ್ರಾಣ ಕೊಟ್ಟಿದ್ದು, ಆವಾಗ ನಿಮ್ಮಜ್ಜನ ಬೆಟಾಲಿಯನ್ ಅದೇ ನೆಲದಲ್ಲಿ ಮೋರ್ಚಾ (ಕಂದಕ) ಅಗೆದು ಕೂತಿತ್ತು. ಅಂದ್ರೆ ಮನೆಯವರು ಹೇಳಿದ್ದು ಸುಳ್ಳಲ್ಲ. ಟ್ಯಾಂಕ್ ಯುದ್ಧದಲ್ಲಿ ಇದ್ರು, ಟ್ಯಾಂಕಿನ ಹೊರಗೆ ಇದ್ರು. ಬಸಂತರ್ ರಿವರ್ ಅನ್ನೋ ಬ್ಯಾಟಲ್ ಆನರ್, ಅಂದ್ರೆ ಆ ಯುದ್ಧದಲ್ಲಿ ಹೋರಾಡಿದ ಪಡೆಗೆ ಸಿಗೋ ಗೌರವ, 16 ಮದ್ರಾಸ್‌ಗೂ ಇದೆ.

ಮಾಜಿ_ಹವಾಲ್ದಾರ್:
ನಾನು ಹೇಳ್ತೀನಿ, ಮೊಮ್ಮಗಳು ಟೈಪ್ ಮಾಡ್ತಾಳೆ, ತಪ್ಪಿದ್ರೆ ಅವಳನ್ನ ಬೈರಿ. ನಾನು ಅದೇ ಸೆಕ್ಟರ್‌ನಲ್ಲಿ ಸಿಗ್ನಲ್ಸ್‌ನಲ್ಲಿದ್ದೆ, ಲೈನ್ ಎಳೆಯೋ ಕೆಲಸ. ನಿಮ್ಮಜ್ಜ ಚಳಿ ಅಂದಿದ್ದು ನೂರಕ್ಕೆ ನೂರು ಸತ್ಯ ಮಗಾ. ನಮ್ಮ ಮಡಿಕೇರಿ ಚಳಿ ಅದರ ಮುಂದೆ ಏನೂ ಅಲ್ಲ, ಬಯಲು ಸೀಮೆ, ಗಾಳಿ, ಆಳೆತ್ತರದ ಸರ್ಕಂಡಾ ಹುಲ್ಲು, ರಾತ್ರಿ ಅದು ಅಲ್ಲಾಡಿದ್ರೆ ಮನುಷ್ಯನೋ ಗಾಳಿಯೋ ಗೊತ್ತಾಗ್ತಿರ್ಲಿಲ್ಲ. ಮೋರ್ಚಾದ ಮಣ್ಣು ಬೆಳಗ್ಗೆ ಮುಟ್ಟಿದ್ರೆ ಬೆರಳು ಮರಗಟ್ಟೋದು, ರೈಫಲ್ ಬೋಲ್ಟ್ ಹಿಡಿಯೋಕೆ ಮೊದಲು ಕೈನ ಕಂಕುಳಲ್ಲಿ ಇಟ್ಕೋಬೇಕಿತ್ತು.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಯುದ್ಧ 17ನೇ ತಾರೀಖು ರಾತ್ರಿ 8ಕ್ಕೆ ನಿಂತ್ರೂ ನಾವೇನು ಮರುದಿನ ರೈಲು ಹತ್ತಲಿಲ್ಲ. ಹಿಡಿದ ಜಾಗದಲ್ಲೇ ಕೂರಬೇಕಾಯ್ತು. ಶಿಮ್ಲಾ ಒಪ್ಪಂದ 72ರ ಜುಲೈನಲ್ಲಿ ಆಯ್ತು, ಜಾಗ ಬಿಟ್ಟು ಹಿಂದೆ ಬಂದಿದ್ದು 72ರ ಡಿಸೆಂಬರ್‌ನಲ್ಲಿ. ಎರಡು ವಾರದ ಯುದ್ಧಕ್ಕೆ ಒಂದು ವರ್ಷದ ಕಾವಲು, ಬೇಸಿಗೇಲಿ ಧೂಳು, ಮಳೇಲಿ ಹಾವು, ಮೈನ್ ಭಯ ಬೇರೆ. ರಜೆ ಸಿಕ್ಕಿದವರು ಊರಿಗೆ ಬಂದು ವಾಪಸ್ ಹೋಗ್ತಿದ್ರು. ರಕ್ತ ಕೊಟ್ಟು ಹಿಡಿದ ಜಾಗ ಬಿಟ್ಟು ಬರುವಾಗ ಕೆಲವು ಹುಡುಗರಿಗೆ ಸಿಟ್ಟು ಬಂತು, ಕೆಲವರಿಗೆ ಮನೆಗೆ ಹೋಗೋ ಖುಷಿ, ನನಗೆ ಎರಡೂ ಇತ್ತು. ಊರಿಗೆ ಬಂದು ಇದನ್ನ ಯಾರಿಗೆ ಹೇಳೋದು, ಹೇಗೆ ಹೇಳೋದು? ಕೇಳೋರಿಗೆ ಬೇಕಾಗಿದ್ದು "ಎಷ್ಟು ಜನರನ್ನ ಹೊಡೆದೆ" ಅಂತ ಅಷ್ಟೇ.

ಅದಿರಲಿ, ಅಜ್ಜನಿಗೆ ಪೆನ್ಶನ್ ಬರ್ತಿತ್ತಾ? ಅಜ್ಜಿ ಇದ್ದಾರಾ?

ಹಾರಂಗಿ_ತೀರದವಳು:
ನನ್ನ ಅಪ್ಪನೂ ಮಿಲಿಟ್ರಿಯಿಂದ ಬಂದು ಎಸ್ಟೇಟ್ ಸೇರಿದವರೇ, ಓದ್ತಾ ಅವರೇ ಕಣ್ಣೆದುರು ಬಂದ್ರು. ಆಗ ತೋಟದ ಧಣಿಗಳಿಗೆ ಮಾಜಿ ಸೈನಿಕ ರೈಟರ್ ಅಂದ್ರೆ ಇಷ್ಟ, ಬೆಳಗ್ಗೆ ಟೈಮಿಗೆ ಸರಿಯಾಗಿ ಹಾಜರಿ, ಚೆಕ್‌ರೋಲ್ ಲೆಕ್ಕ ಚೊಕ್ಕ, ಕದಿಯಲ್ಲ. ಸಂಬಳ ಮಾತ್ರ ಅಷ್ಟಕ್ಕಷ್ಟೇ. ಅಪ್ಪ ಜಾಗಕ್ಕೆ ಅಂತ ಅರ್ಜಿ ಹಾಕಿ ಒಂದು ಆಫೀಸಿಂದ ಇನ್ನೊಂದು ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದೇ ಬಂತು, ಕೊನೆಗೆ ಆ ಮಾತೇ ಎತ್ತುತ್ತಿರ್ಲಿಲ್ಲ. ರಾತ್ರಿ ಪಟಾಕಿ ಸದ್ದಾದ್ರೆ ಎದ್ದು ಹೊರಗೆ ಜಗುಲೀಲಿ ಕೂರ್ತಿದ್ರು, ಅಮ್ಮ ಏನೂ ಕೇಳದೆ ಕಾಫಿ ತಂದಿಡ್ತಿದ್ರು. ಅದನ್ನ ಧೈರ್ಯಶಾಲಿ ಸೈನಿಕ ಅಂತ ಮೂರು ಪದದಲ್ಲಿ ಹೇಳಿ ಮುಗಿಸೋಕೆ ನನಗಂತೂ ಆಗಲ್ಲ.

ತಮ್ಮಾ, ಅಜ್ಜಿ ತವರು ಮನೇಲಿ ಹಳೇ ಇನ್‌ಲ್ಯಾಂಡ್ ಲೆಟರ್ ಇದೆಯಾ ಕೇಳಿ. "ಕೇರಾಫ್ 56 ಎಪಿಓ" ಅಂತ, ಅಂದ್ರೆ ಸೇನೆಯ ಅಂಚೆ ವಿಳಾಸ, ಬರೆದಿದ್ರೆ ಅದರ ಮೇಲೆ ಬೆಟಾಲಿಯನ್ ಹೆಸರೂ ಇರುತ್ತೆ, ಹದಿನಾರು ಹೌದೋ ಅಲ್ವೋ ಅನ್ನೋದು ಅಲ್ಲೇ ಖಚಿತ ಆಗುತ್ತೆ. ಆ ಎಸ್ಟೇಟಿನ ಲೈನ್ ಮನೇಲಿ ಹಳಬರು ಇದ್ರೆ ಅವರನ್ನೂ ಮಾತಾಡಿಸಿ, ಅಜ್ಜನ ಕೊನೇ ವರ್ಷಗಳು ಅವರಿಗೆ ನಿಮ್ಮನೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತೆ.

ಸಂಪಾಜೆ_ಹುಡುಗ:
ಅಕ್ಕಾ, ಹವಾಲ್ದಾರ್ ಸಾರ್, ಅಪ್ಪನಿಗೆ ಇದನ್ನೆಲ್ಲಾ ಓದಿ ಹೇಳ್ದೆ, ಪೂರ್ತಿ ಎರಡು ಸಲ ಓದಿಸಿದ್ರು. ಅಜ್ಜಿ ಇದ್ದಾರೆ, ಸುಳ್ಯದಲ್ಲಿ ಅತ್ತೆ ಮನೇಲಿ. ಅಜ್ಜನಿಗೆ ಚಿಕ್ಕದೊಂದು ಪೆನ್ಶನ್ ಬರ್ತಿತ್ತು, ರಿಸರ್ವ್ ಪೆನ್ಶನ್ ಅಂತೇನೋ ಹೇಳ್ತಿದ್ರಂತೆ. ಅವರು ಹೋದ್ಮೇಲೆ ನಿಂತೋಯ್ತು, ಅಜ್ಜಿಗೆ ಅಂತ ಯಾರೂ ಅರ್ಜಿ ಹಾಕಿಲ್ಲ.

ಮಾಜಿ_ಹವಾಲ್ದಾರ್:
ಅಯ್ಯೋ, ಮೊದಲು ಅದನ್ನ ಹೇಳ್ಬಾರ್ದಾ! ಆಗ ಸ್ವಲ್ಪ ವರ್ಷ ಕಲರ್ ಸರ್ವಿಸ್ ಅಂದ್ರೆ ಸೇನೇಲಿ ಕೆಲಸ, ಉಳಿದದ್ದು ರಿಸರ್ವ್ ಅಂದ್ರೆ ಊರಲ್ಲಿದ್ದು ಕರೆದ್ರೆ ಹೋಗೋದು, ಎರಡೂ ಸೇರಿ 15 ವರ್ಷ ಆದವರಿಗೆ ಆ ಪೆನ್ಶನ್. ಅಜ್ಜ ತಗೊಳ್ತಿದ್ರು ಅಂದ್ರೆ ಅಜ್ಜಿಗೆ ಫ್ಯಾಮಿಲಿ ಪೆನ್ಶನ್ ಕೇಳಲೇಬೇಕು. ಯುದ್ಧದ ಕಥೆ ಆಮೇಲೆ, ಮೊದಲು ಇದು. ಪಿಪಿಓ (ಪೆನ್ಶನ್ ಪೇಮೆಂಟ್ ಆರ್ಡರ್) ನಂಬರ್ ಇರೋ ಕಾಗದ ಅಥವಾ ಹಳೇ ಪಾಸ್‌ಬುಕ್ ಹುಡುಕಿ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಆಫೀಸಿಗೆ ಹೋಗಿ, ಅಲ್ಲಿಂದ ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟ್ ರೆಕಾರ್ಡ್ಸ್‌ಗೆ ಬರೆಸಿ. ಮೆಡಲ್ ಮೇಲಿನ ನಂಬರ್, ಮೆಡಲ್‌ನಲ್ಲಿ ಇರೋ ಹಾಗೇ ಹೆಸರು, ಊರು, ಮರಣ ಪ್ರಮಾಣ ಪತ್ರ ಎಲ್ಲಾ ಇಡಿ. ಹಳೇ ಫೈಲ್ ತೆಗೆದುಹಾಕಿದ್ರೂ ಲಾಂಗ್ ರೋಲ್ ಅನ್ನೋ ದೊಡ್ಡ ಪುಸ್ತಕ ಉಳಿಸಿರ್ತಾರೆ, ಸೇರಿದ್ದು, ಬಿಟ್ಟಿದ್ದು ಅದರಲ್ಲಿ ಸಿಗುತ್ತೆ.

ಸಂಪಾಜೆ_ಹುಡುಗ:
ಸೋಮವಾರನೇ ಹೋಗ್ತೀನಿ ಸಾರ್. ಅಜ್ಜಿ ಆಧಾರ್‌ನಲ್ಲಿ ಹೆಸರು ಒಂಥರ, ರೇಷನ್ ಕಾರ್ಡಲ್ಲಿ ಇನ್ನೊಂಥರ ಇದೆ, ತೊಂದ್ರೆ ಆಗುತ್ತಾ?

ಮಾಜಿ_ಹವಾಲ್ದಾರ್:
ಆಗೇ ಆಗುತ್ತೆ. ಹೋಗೋ ಮೊದಲೇ ನೋಟರಿ ಹತ್ರ ಅಫಿಡವಿಟ್ ಮಾಡಿಸ್ಕೊಳ್ಳಿ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇಟ್ಕೊಳ್ಳಿ. ಅಜ್ಜಿನ ಮೊದಲ ದಿನವೇ ಕರ್ಕೊಂಡು ಹೋಗ್ಬೇಡಿ, ಸುಳ್ಯದಿಂದ ಘಾಟಿ ರಸ್ತೆ, ಈ ಮಳೇಲಿ ಬೇಡ.