ಕೆರೆಗಳು ಹೋದ ಮೇಲೆ ಬೆಂಗಳೂರಿನ ನೆನಪು ಎಲ್ಲಿ ಉಳಿದಿದೆ?

ಪ್ರಶ್ನೆ: ಪೇಟೆಯ ಓದುಗ

ದೊಡ್ಡ ನದಿಯಿಲ್ಲದ ಬೆಂಗಳೂರು ಬೆಳೆದದ್ದು ಕೆರೆಗಳ ಆಸರೆಯಲ್ಲಿ. ಇಂದು ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವೂ ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವೂ ಅಕ್ಕಿತಿಮ್ಮನಹಳ್ಳಿ ಕೆರೆಯಿದ್ದಲ್ಲಿ ಹಾಕಿ ಕ್ರೀಡಾಂಗಣವೂ ಇವೆ. ಮಕ್ಕಳಿಗೆ ಊರಿನ ಇತಿಹಾಸ ಹೇಳಿಕೊಡುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ನೆಲದ ರೂಪವೇ ಇಷ್ಟು ಬದಲಾದ ಮೇಲೆ, ‘ನಾವು ಈ ಊರಿನವರು’ ಎಂಬ ಭಾವಕ್ಕೆ ಆಧಾರವಾಗಿ ಉಳಿದಿರುವುದು ಯಾವುದು? ಪ್ರತಿಮೆಗಳೋ, ಹೆಸರುಗಳೋ, ಆಚರಣೆಗಳೋ?

ಉತ್ತರ: ನೀರುಗಂಟಿ

ಆಚರಣೆಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದಕ್ಕೆ ತಿಗಳ ಸಮುದಾಯದವರು ದ್ರೌಪದಿಯ ಹೆಸರಿನಲ್ಲಿ ನಡೆಸುವ ಬೆಂಗಳೂರು ಕರಗ ಉತ್ಸವವೇ ಸಾಕ್ಷಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಹೂವಿನ ಕರಗವನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ಮುಂಚೆ ನಡೆಯುವ ಹಸಿ ಕರಗ, ಅಂದರೆ ಹಸಿ ಮಣ್ಣಿನ ಕಲಶ, ಇಂದಿಗೂ ಸಂಪಂಗಿ ಕೆರೆಯ ಅಂಗಳದಿಂದಲೇ ಬರಬೇಕು. ವಿಸ್ತಾರವಾದ ಆ ಕೆರೆಯಲ್ಲಿ ಈಗ ಉಳಿದಿರುವುದು ಕ್ರೀಡಾಂಗಣದ ಪಕ್ಕದ, ಸುತ್ತ ಬೇಲಿ ಹಾಕಿದ ಒಂದು ಸಣ್ಣ ಕೊಳ ಮಾತ್ರ. ವರ್ಷದ ಉಳಿದ ದಿನಗಳಲ್ಲಿ ದಾರಿಹೋಕರು ಅದರತ್ತ ತಿರುಗಿಯೂ ನೋಡುವುದಿಲ್ಲ. ಕರಗದ ದಿನಗಳಲ್ಲಿ ಮಾತ್ರ ಕತ್ತಿ ಹಿಡಿದು ಕರಗವನ್ನು ಕಾಯುವ ವೀರಕುಮಾರರು ಬರಿಮೈಯಲ್ಲಿ ಸಾಲುಗಟ್ಟಿ ನಿಂತು, ಆ ಜಾಗ ಕೆರೆಯಾಗಿತ್ತೆಂಬುದನ್ನು ಊರಿಗೆ ಕಾಣಿಸುತ್ತಾರೆ. ಆ ಕೊಳವೂ ಇಲ್ಲವಾಗದಂತೆ ತಡೆದದ್ದು ಈ ಆಚರಣೆಯೇ ಎಂದು ನಾನು ನಂಬಿದ್ದೇನೆ.

ಪ್ರತಿಮೆಗೆ ಈ ಬಲವಿಲ್ಲ. 2022ರಲ್ಲಿ ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಅನಾವರಣಗೊಂಡಿತು, ಅದು ಸಲ್ಲಬೇಕಾದ ಗೌರವವೇ. ಆದರೆ ಅವರ ಕಾಲದ್ದೆಂದು ಹೇಳಲಾಗುವ ಧರ್ಮಾಂಬುಧಿಯ ಅಂಗಳದಲ್ಲಿರುವ, ಅವರದೇ ಹೆಸರಿನ ಬಸ್ ನಿಲ್ದಾಣದಲ್ಲಿ ದಿನವೂ ಬಸ್ಸು ಬದಲಿಸುವ ಸಾವಿರಾರು ಜನರಿಗೆ ಕಾಲಡಿಯಲ್ಲಿರುವುದು ಕೆರೆಯ ನೆಲವೆಂಬುದು ತಿಳಿಯುವುದಿಲ್ಲ.

ಉತ್ತರ: ಅಚ್ಚುಕಟ್ಟು

ನೀರುಗಂಟಿಯವರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಆಚರಣೆ ಕೆರೆಯ ಪಾವಿತ್ರ್ಯವನ್ನು ನೆನಪಿನಲ್ಲಿ ಇಡುತ್ತದೆಯೇ ಹೊರತು ಕೆರೆಯ ದುಡಿಮೆಯನ್ನಲ್ಲ. ಸಂಪಂಗಿ ಕೆರೆಯ ನೀರು ತಿಗಳರ ತೋಟಗಳಿಗೆ ಹರಿಯುತ್ತಿತ್ತು, ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಕೊಟ್ಟವರು ಅವರು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರ ನಂತರ ತಿಪ್ಪಗೊಂಡನಹಳ್ಳಿಯ ನೀರು ಕೊಳಾಯಿಗಳಲ್ಲಿ ಬರತೊಡಗಿದಾಗ, ಪೇಟೆಯವರಿಗೆ ಕೆರೆಯ ಅಗತ್ಯ ತಗ್ಗಿತು. ತೋಟಗಾರರಿಗೆ ಅದು ತಗ್ಗಿರಲಿಲ್ಲ. ಆದರೂ ಕೆರೆಯನ್ನು ಉಳಿಸಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಗೆದ್ದದ್ದು ಅವರ ಮಾತಲ್ಲ. ಹೂಳೆತ್ತಿದವರ, ತೂಬು ಕಾದವರ, ಬಟ್ಟೆ ಒಗೆದವರ, ಇಟ್ಟಿಗೆ ಸುಟ್ಟವರ ಬದುಕು ಯಾವ ಉತ್ಸವದಲ್ಲೂ ಮೆರವಣಿಗೆ ಹೊರಡುವುದಿಲ್ಲ. ಮೆಜೆಸ್ಟಿಕ್ ಬಳಿಯ ಟ್ಯಾಂಕ್ ಬಂಡ್ ರಸ್ತೆಯಲ್ಲಿ ಕೆರೆ ಏರಿಯ (ಕಟ್ಟೆಯ) ಹೆಸರಾದರೂ ಉಳಿದಿದೆ, ಅದರ ಮೇಲೆ ನಡೆದಾಡಿದವರ ಹೆಸರು ಅಷ್ಟೂ ಉಳಿದಿಲ್ಲ. ಊರಿನ ಗುರುತನ್ನು ಆಚರಣೆಗೆ ಮಾತ್ರ ವಹಿಸಿಕೊಟ್ಟರೆ ಈ ಅನ್ಯಾಯ ಮುಂದುವರಿಯುತ್ತದೆ.

ಉತ್ತರ: ಬೇಗೂರು ಕಡೆಯವರು

ಇಬ್ಬರ ಚರ್ಚೆಗೂ ಸೇರಬೇಕಾದ ಸಂಗತಿಯೊಂದಿದೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದರೆಂಬಲ್ಲಿಂದ ನಾವು ಊರಿನ ಕಥೆಯನ್ನು ಆರಂಭಿಸುತ್ತೇವೆ. ಆದರೆ ನಮ್ಮ ಬೇಗೂರಿನ ದೇವಾಲಯದಲ್ಲಿರುವ, ಗಂಗರ ಕಾಲದ, ಸುಮಾರು ಒಂಬತ್ತನೆಯ ಶತಮಾನದ ಶಾಸನವು ಬೆಂಗಳೂರಿನ ಕಾಳಗವೊಂದರಲ್ಲಿ ಮಡಿದವನನ್ನು ಸ್ಮರಿಸುತ್ತದೆ. ಎಲ್ಲಿಂದ ಎಣಿಸಲು ತೊಡಗುತ್ತೇವೆ ಎಂಬುದರ ಮೇಲೆ ಯಾರು ‘ಮೂಲದವರು’ ಎಂಬ ಉತ್ತರವೂ ಬದಲಾಗುತ್ತದೆ. ಊರಿನ ಅತ್ಯಂತ ದೊಡ್ಡ ಉತ್ಸವವನ್ನು ಹೊತ್ತಿರುವ ತಿಗಳರಲ್ಲಿ ಇಂದಿಗೂ ಮನೆಯೊಳಗೆ ತಮಿಳು ಬೆರೆತ ನುಡಿಯಾಡುವ ಕುಟುಂಬಗಳಿವೆ. ಕರಗವು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬರುತ್ತದೆ. 2022ರಲ್ಲಿ ಆ ಭೇಟಿಯನ್ನು ನಿಲ್ಲಿಸಬೇಕೆಂಬ ಒತ್ತಾಯ ಬಂದಾಗಲೂ ಪದ್ಧತಿ ತಪ್ಪಲಿಲ್ಲ. ಸಾರ್ವಜನಿಕ ನೆನಪೆಂಬುದು ತಾನಾಗಿ ಉಳಿಯುವುದಿಲ್ಲ, ಅದನ್ನು ಹೀಗೆಯೇ ಉಳಿಸಿಕೊಳ್ಳಬೇಕೆಂದು ಪ್ರತಿ ತಲೆಮಾರಿನಲ್ಲೂ ಕೆಲವರು ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ ಎಂಬುದನ್ನು ಮಕ್ಕಳಿಗೆ ದಯವಿಟ್ಟು ಹೇಳಿ.

ಉತ್ತರ: ನೀರುಗಂಟಿ

ಅಚ್ಚುಕಟ್ಟು ಅವರ ಆಕ್ಷೇಪ ಸರಿಯಾಗಿದೆ, ದುಡಿಮೆಯ ನೆನಪಿಗೆ ಬೇರೆ ದಾರಿಯೇ ಬೇಕು. ನನ್ನ ಸಲಹೆಯಿಷ್ಟೆ: ಹಳೆಯ ಸರ್ವೆ ನಕ್ಷೆಗಳಲ್ಲಿರುವ ಏರಿ, ಕೋಡಿ, ರಾಜಕಾಲುವೆಗಳ ಗೆರೆಯನ್ನು ಮೆಜೆಸ್ಟಿಕ್ ನಿಲ್ದಾಣದ ನೆಲದ ಮೇಲೆ ಬಣ್ಣದಲ್ಲಿ ಎಳೆದು, ಆ ನೀರಿನಿಂದ ಯಾವ ಕಸುಬಿನವರು ಬದುಕುತ್ತಿದ್ದರೆಂಬುದನ್ನು ಪಕ್ಕದ ಫಲಕದಲ್ಲಿ ಬರೆಸಬೇಕು. ಪ್ರಶ್ನೆ ಕೇಳಿದವರು ತಮ್ಮ ವಿದ್ಯಾರ್ಥಿಗಳೊಂದಿಗೆ ಅರ್ಜಿ ಬರೆಯುವುದಾದರೆ, ಅದಕ್ಕೆ ಬೇಕಾದ ನಕ್ಷೆಗಳನ್ನು ಹೊಂದಿಸಿಕೊಡಲು ನಾನು ಸಿದ್ಧನಿದ್ದೇನೆ.